ನಾಕಾದಲ್ಲಿ ಮಠದ ಹೆಸರೇಕೆ?



ಕಳೆದ ಶ್ರಾವಣದಲ್ಲಿ ನಡೆದದ್ದು. ಪ್ರತಿ ವರ್ಷ ನಮ್ಮೂರಿನಿಂದ ಮಠದ ದಾಸೋಹಕ್ಕೆ ಕಾಳುಕಡಿ ಹೋಗುತ್ತದೆ. ಈ ಸಲ ಐದು ಚೀಲ ಜೋಳ, ಒಂದು ಚೀಲ ಕಡಲೆ, ನಾಲ್ಕು ಪೆಂಟೆ ಬೆಲ್ಲ ಸೇರಿತ್ತು. ನಮ್ಮೂರ ಹುಡುಗನೊಬ್ಬ ಸಾಲ ಮಾಡಿ ಕೊಂಡ ಸಣ್ಣ ಗೂಡ್ಸ್ ಗಾಡಿಯಲ್ಲಿ ಅದನ್ನು ಹೇರಿಕೊಂಡು ಹೊರಟೆವು. ಬಾಡಿಗೆ ಬೇಡವೆಂದ. ಡೀಸೆಲ್ ಖರ್ಚಷ್ಟೇ ಕೊಡಿ, ನನ್ನದೂ ಒಂದು ಸೇವೆಯಾಗಲಿ ಎಂದ. ನಾನು ಅವನ ಪಕ್ಕದಲ್ಲಿ ಕುಳಿತಿದ್ದೆ.

ದಾರಿಯಲ್ಲಿ ಒಂದು ನಾಕಾ. ಪೊಲೀಸರೊಬ್ಬರು ಕೈ ಮಾಡಿ ಗಾಡಿ ನಿಲ್ಲಿಸಿದರು. "ಏನ್ ಅದಾವಲೇ ಚೀಲದಾಗ? ಇಳಿ ಕೆಳಗ" ಎಂದರು. ಹುಡುಗ ಇಳಿಯುವಷ್ಟರಲ್ಲಿ ನಾನು ಕಿಟಕಿಯಿಂದ ತಲೆ ಹೊರಹಾಕಿ ಮಠದ ಹೆಸರು ಹೇಳಿದೆ. ಅವರ ಮುಖವೇ ಬದಲಾಯಿತು. "ಅಜ್ಜಾರ ಮಠದ್ದೇನ್ರಿ? ಮೊದಲ ಹೇಳಬಾರದಾ? ಹೋಗ್ರಿ, ಹೋಗ್ರಿ" ಎಂದು ಕೈ ಮುಗಿದರು. ಎರಡು ನಿಮಿಷದ ಕೆಲಸ. ಸುಳ್ಳೇಕೆ ಹೇಳಲಿ, ಆ ಕ್ಷಣದಲ್ಲಿ ನನಗೆ ಹೆಮ್ಮೆಯೇ ಆಯಿತು. ನಮ್ಮ ಮಠಕ್ಕೆ ಎಂಥ ಗೌರವವಿದೆ ನೋಡು ಎಂದು ಹುಡುಗನಿಗೆ ಹೇಳಿದ ನೆನಪೂ ಇದೆ.

ಆ ರಾತ್ರಿ ನಾನು ಮಠದಲ್ಲೇ ಉಳಿದೆ. ಹುಡುಗ ಖಾಲಿ ಗಾಡಿ ತೆಗೆದುಕೊಂಡು ಸಂಜೆಯೇ ಊರಿಗೆ ಹೊರಟ. ಹತ್ತು ದಿನಗಳ ಮೇಲೆ ಬೇರೆ ಯಾವುದೋ ಮಾತಿಗೆ ಅವನು ಇದನ್ನು ಹೇಳಿದ. ಅದೇ ನಾಕಾದಲ್ಲಿ, ಅದೇ ಸಾಹೇಬರು ಮತ್ತೆ ನಿಲ್ಲಿಸಿದ್ದರು. "ಕೀಲಿ ಕಸಗೊಂಡ್ರಿ. ಕಾಗದ ಎಲ್ಲಾ ಮೊಬೈಲ್‌ನ್ಯಾಗ ತೋರಿಸಿದೆ, ಒರಿಜಿನಲ್ ತಾ ಅಂದ್ರು. ಸೀಟಿನ ಕೆಳಗ, ಟೂಲ್ ಡಬ್ಬಿ ಎಲ್ಲಾ ತಗದು ರಸ್ತೇಕ್ಕ ಹಾಕಿದ್ರು. ಏನ್ ಹುಡುಕ್ತೀರಿ ಸಾಹೇಬ್ರ ಅಂದಿದ್ದಕ್ಕ, ನೀ ಏನ್ ವಕೀಲ ಏನಲೇ ಅಂದ್ರು. ಒಂದೂವರಿ ತಾಸು ನಿಂದ್ರಿಸಿದ್ರು. ಕಡೀಕ ಐನೂರು ಕೊಟ್ಟು ಬಂದೆ. ಪಾವತಿ ಏನೂ ಕೊಡಲಿಲ್ರಿ" ಎಂದ. ಅವರು ಗುರುತು ಹಿಡಿಯಲಿಲ್ಲವೇ ಎಂದು ಕೇಳಿದೆ. "ಹಿಡಿದ್ರಿ. ಮುಂಜಾನಿ ನೀವು ಇದ್ರಿ, ಸಂಜಿಕ ನೀವು ಇರಲಿಲ್ಲ. ಅಷ್ಟ ರೀ" ಎಂದ.

ಒಂದೇ ಗಾಡಿ, ಒಂದೇ ಕಾಗದ, ಒಂದೇ ದಿನ. ನಾನು ತಾಲೂಕು ನ್ಯಾಯಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದವನು. ಕಾನೂನಿನ ಕಾಗದಗಳ ನಡುವೆಯೇ ಆಯುಷ್ಯ ಕಳೆದವನು. ಆದರೂ ಬೆಳಿಗ್ಗೆ ಆ ನಾಕಾದಲ್ಲಿ ಕಾನೂನಿನ ಹೆಸರನ್ನು ನಾನು ಎತ್ತಲಿಲ್ಲ, ಮಠದ ಹೆಸರನ್ನು ಎತ್ತಿದೆ. ನನಗೆ ದಾರಿ ಬಿಟ್ಟಿತು. ಆ ಹೆಸರಿಲ್ಲದವನು ಸಂಜೆ ಬೆಲೆ ಕೊಟ್ಟ. ಇದನ್ನು ಬರೆಯುತ್ತಿರುವುದು ಒಬ್ಬ ಪೊಲೀಸರನ್ನು ದೂರಲಿಕ್ಕಲ್ಲ. ನನ್ನ ತಪ್ಪನ್ನು ಒಪ್ಪಿಕೊಳ್ಳಲಿಕ್ಕೆ, ಮತ್ತು ನಮ್ಮ ಸಮಾಜದ ಒಂದು ರೂಢಿಯನ್ನು ಪ್ರಶ್ನಿಸಲಿಕ್ಕೆ.

ಕಾನೂನು ನಿಜವಾಗಿ ಏನು ಹೇಳುತ್ತದೆ

ನಮ್ಮ ಭಕ್ತರಲ್ಲಿ ಚಾಲಕರು ಬಹಳ ಜನ ಇದ್ದಾರೆ. ಲಾರಿ, ಟಂಟಂ, ಕ್ರೂಸರ್, ಟ್ರ್ಯಾಕ್ಟರ್, ಶಾಲೆಯ ವ್ಯಾನು ಓಡಿಸುವವರು. ಸ್ವಂತ ಕಾರು, ಬೈಕು ಇರುವವರಂತೂ ಮನೆಮನೆಯಲ್ಲಿ. ಆದರೆ ರಸ್ತೆಯಲ್ಲಿ ಪೊಲೀಸರು ಏನು ಕೇಳಬಹುದು, ಏನು ಕೇಳಬಾರದು ಎಂಬುದು ನೂರಕ್ಕೆ ಹತ್ತು ಮಂದಿಗೂ ತಿಳಿದಿರಲಿಕ್ಕಿಲ್ಲ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಚಾಲಕ ಲೈಸೆನ್ಸ್ ತೋರಿಸಲೇಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮ ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆ ಪತ್ರ, ಬಾಡಿಗೆ ವಾಹನವಾದರೆ ಫಿಟ್‌ನೆಸ್ ಮತ್ತು ಪರ್ಮಿಟ್ ಇವನ್ನೂ ಸೇರಿಸುತ್ತದೆ. 2018ರ ತಿದ್ದುಪಡಿಯ ನಂತರ ಇವನ್ನು ಕಾಗದದ ರೂಪದಲ್ಲಾಗಲಿ ಡಿಜಿಟಲ್ ರೂಪದಲ್ಲಾಗಲಿ ತೋರಿಸಬಹುದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಬದಲಾವಣೆ ಇನ್ನೂ ಸ್ಪಷ್ಟವಾಗಿದೆ. ಸರ್ಕಾರಿ ಪೋರ್ಟಲಿನಲ್ಲಿ ದಾಖಲೆ ಸರಿಯಿದೆಯೆಂದು ಖಚಿತವಾದರೆ ಮೂಲ ಕಾಗದ ಕೇಳುವಂತಿಲ್ಲ. ಡಿಜಿಲಾಕರ್ ಮತ್ತು ಎಂ-ಪರಿವಾಹನ್ ಇರುವುದೇ ಇದಕ್ಕಾಗಿ. ಬರೇ ಫೋಟೋ ತೆಗೆದಿಟ್ಟುಕೊಂಡರೆ ಸಾಲದು, ದಾಖಲೆ ಈ ಆ್ಯಪ್‌ಗಳಲ್ಲಿ ಇರಬೇಕು. ಕಾಗದ ಆ ಹೊತ್ತಿಗೆ ಜೊತೆಗಿಲ್ಲದಿದ್ದರೆ ದೃಢೀಕೃತ ಪ್ರತಿಯನ್ನು 15 ದಿನಗಳಲ್ಲಿ ಒದಗಿಸಲು ಅದೇ ನಿಯಮದಲ್ಲಿ ಅವಕಾಶವಿದೆ.

ಲೈಸೆನ್ಸ್ ವಶ. 206ನೇ ಕಲಂ ಪ್ರಕಾರ ದಾಖಲೆ ಖೋಟಾ ಎಂದು ನಂಬಲು ಕಾರಣವಿದ್ದರೆ, ಅಥವಾ ಆರೋಪ ಹೊತ್ತ ಚಾಲಕ ಸಮನ್ಸ್ ತಪ್ಪಿಸಿಕೊಂಡು ಓಡಿಹೋಗುವನೆಂದು ನಂಬಲು ಕಾರಣವಿದ್ದರೆ ಅಧಿಕಾರಿ ಅದನ್ನು ವಶಕ್ಕೆ ಪಡೆಯಬಹುದು. ಲೈಸೆನ್ಸ್ ಪಡೆದರೆ ತಾತ್ಕಾಲಿಕ ರಸೀದಿ ಕೊಡಬೇಕು. ಲೈಸೆನ್ಸ್ ಮರಳಿ ಸಿಗುವವರೆಗೆ, ಅಥವಾ ರಸೀದಿಯಲ್ಲಿ ಬರೆದ ದಿನದವರೆಗೆ, ಅದೇ ರಸೀದಿಯ ಮೇಲೆ ಗಾಡಿ ಓಡಿಸಬಹುದು. ರಸೀದಿಯಿಲ್ಲದೆ ಲೈಸೆನ್ಸನ್ನು ಕಿಸೆಗೆ ಹಾಕಿಕೊಳ್ಳಲು ಯಾವ ಕಲಮೂ ಹೇಳುವುದಿಲ್ಲ.

ಗಾಡಿ ವಶ ಮತ್ತು ಕೀಲಿ. ಲೈಸೆನ್ಸ್ ಇಲ್ಲದೆ, ನೋಂದಣಿ ಇಲ್ಲದೆ, ಪರ್ಮಿಟ್ ಇಲ್ಲದೆ ಓಡಿಸಿದರೆ 207ನೇ ಕಲಂ ಪ್ರಕಾರ ಗಾಡಿಯನ್ನೇ ತಡೆದಿಡಬಹುದು. ಅದು ದಾಖಲಾಗುವ, ಉತ್ತರ ಹೇಳಬೇಕಾದ ಕ್ರಮ. ಆದರೆ ತಪಾಸಣೆಯ ನೆಪದಲ್ಲಿ ಗಾಡಿಯ ಕೀಲಿ ಕಿತ್ತುಕೊಳ್ಳುವ ಅಧಿಕಾರವನ್ನು ಈ ಕಾಯ್ದೆ ಎಲ್ಲಿಯೂ ಕೊಟ್ಟಿಲ್ಲ.

ದಂಡ. ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವುದಕ್ಕೆ ಕಾಯ್ದೆ 200ನೇ ಕಲಮಿನಲ್ಲಿ ರಾಜಿ ಎನ್ನುತ್ತದೆ. ಸರ್ಕಾರ ಅಧಿಸೂಚಿಸಿದ ದರ್ಜೆಯ ಅಧಿಕಾರಿ ಮಾತ್ರ, ಸರ್ಕಾರ ಗೊತ್ತುಮಾಡಿದ ಮೊತ್ತ ಮಾತ್ರ ಪಡೆಯಬಹುದು, ಅದಕ್ಕೆ ಪಾವತಿ ಇರಬೇಕು. ರಾಜಿ ಎಂದ ಮೇಲೆ ಒಪ್ಪದಿರುವ ಹಕ್ಕೂ ಇದೆ. ತಪ್ಪು ಮಾಡಿಲ್ಲವೆಂದು ಅನಿಸಿದರೆ ನ್ಯಾಯಾಲಯದಲ್ಲಿ ಹೇಳುತ್ತೇನೆ ಎನ್ನಬಹುದು.

ಕುಡಿತದ ತಪಾಸಣೆ. ಕುಡಿದಿರಬಹುದೆಂಬ ಸಕಾರಣ ಸಂಶಯ ಬಂದರೆ ಸಮವಸ್ತ್ರದಲ್ಲಿರುವ ಅಧಿಕಾರಿ ಉಸಿರಾಟದ ಪರೀಕ್ಷೆ ಕೇಳಬಹುದು. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂ ಮದ್ಯಾಂಶ ಮೀರಿದರೆ ಅಪರಾಧ. ಇಲ್ಲಿ ವಾದ ಬೇಡ. ಈ ತಪಾಸಣೆ ನಮ್ಮ ಮಕ್ಕಳ ಪ್ರಾಣ ಉಳಿಸುತ್ತದೆ.

ಗಾಡಿಯೂ ಒಂದು ಮನೆ

ಕಾಗದ ನೋಡುವುದು ಬೇರೆ, ಗಾಡಿಯೊಳಗೆ ಕೈಹಾಕಿ ಹುಡುಕುವುದು ಬೇರೆ. ಈ ವ್ಯತ್ಯಾಸವನ್ನು ನಾವು ಮರೆತಿದ್ದೇವೆ.

ಅಪರಾಧ ಪ್ರಕ್ರಿಯೆಯ ಕಾನೂನು "ಸ್ಥಳ" ಎಂಬ ಪದಕ್ಕೆ ಅರ್ಥ ಹೇಳುವಾಗ ಮನೆ, ಕಟ್ಟಡ, ಡೇರೆ, ದೋಣಿ ಇವುಗಳ ಜೊತೆಗೆ ವಾಹನವನ್ನೂ ಸೇರಿಸಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಹೀಗೇ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹೀಗೇ ಇದೆ. ಹಾಗಾದರೆ ತನಿಖೆಗಾಗಿ ವಾರಂಟ್ ಇಲ್ಲದೆ ಗಾಡಿ ಹುಡುಕುವಾಗಲೂ ಮನೆ ಹುಡುಕುವಾಗಿನ ನಿಯಮಗಳೇ ನೆನಪಾಗಬೇಕು. ಸಂಹಿತೆಯ 185ನೇ ಕಲಂ ಪ್ರಕಾರ ಠಾಣಾಧಿಕಾರಿ ಅಥವಾ ತನಿಖಾಧಿಕಾರಿಗೆ ನಂಬಲು ತಕ್ಕ ಕಾರಣವಿರಬೇಕು, ಆ ಕಾರಣವನ್ನು ಮೊದಲೇ ಬರೆದಿಡಬೇಕು, ಅದರ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಆ ಪ್ರತಿಯನ್ನು ಅರ್ಜಿ ಕೊಟ್ಟು ಉಚಿತವಾಗಿ ಪಡೆಯುವ ಹಕ್ಕು ಸ್ಥಳದ ಮಾಲೀಕನಿಗಿದೆ. 103ನೇ ಕಲಂ ಪ್ರಕಾರ ಇಬ್ಬರು ಸ್ವತಂತ್ರ ಪಂಚರ ಎದುರು ಹುಡುಕಿ, ಸಿಕ್ಕ ವಸ್ತುಗಳ ಪಟ್ಟಿ ಮಾಡಿ, ಪ್ರತಿ ಕೊಡಬೇಕು. 105ನೇ ಕಲಂ ಹೊಸದು. ಇಂಥ ಶೋಧ ಮತ್ತು ಜಪ್ತಿಯನ್ನು ದೃಶ್ಯ ಮತ್ತು ಧ್ವನಿಸಹಿತ ಚಿತ್ರೀಕರಿಸಬೇಕು, ಸಾಧ್ಯವಾದರೆ ಮೊಬೈಲಿನಲ್ಲೇ. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಹೆಣ್ಣುಮಕ್ಕಳೇ, ಮರ್ಯಾದೆಗೆ ಚ್ಯುತಿ ಬಾರದಂತೆ ಮಾಡಬೇಕು.

ಎಲ್ಲ ಸಂದರ್ಭಕ್ಕೂ ಇದೇ ನಿಯಮ ಎಂದು ನಾನು ಹೇಳಲಾರೆ. ಕಳುವಿನ ಮಾಲೆಂದು ಸಂಶಯ ಬಂದ ವಸ್ತುವನ್ನು ವಶಕ್ಕೆ ಪಡೆಯಲು 106ನೇ ಕಲಂ ಇದೆ. ಮಾದಕ ವಸ್ತು, ಅಬಕಾರಿ, ಆಯುಧ ಇವುಗಳಿಗೆ ಪ್ರತ್ಯೇಕ ಕಾಯ್ದೆಗಳೇ ಇವೆ. ಅವುಗಳಲ್ಲಿ ಅಧಿಕಾರ ಹೆಚ್ಚು. ಆದರೆ ಅಧಿಕಾರ ಹೆಚ್ಚಾದಷ್ಟೂ ಕಟ್ಟುಪಾಡೂ ಬಿಗಿಯಾಗಿದೆ. 1985ರ ಮಾದಕ ವಸ್ತು ಕಾಯ್ದೆಯ 50ನೇ ಕಲಂ ನೋಡಿ. ಮೈ ತಪಾಸಣೆಗೆ ಮುಂಚೆ, ಪತ್ರಾಂಕಿತ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ ಎಂದು ಆ ವ್ಯಕ್ತಿಗೆ ತಿಳಿಸಲೇಬೇಕು. 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಇದನ್ನು ಎತ್ತಿಹಿಡಿಯಿತು. ಈ ರಕ್ಷಣೆ ಮೈ ತಪಾಸಣೆಗೆ ಮಾತ್ರ, ಚೀಲಕ್ಕೂ ಗಾಡಿಗೂ ಅಲ್ಲ ಎಂಬುದೂ ನೆನಪಿರಲಿ. ಹಾಗೆಂದು ಗಾಡಿಗೆ ರಕ್ಷಣೆಯೇ ಇಲ್ಲವೆಂದಲ್ಲ. 2021ರಲ್ಲಿ ಬೂಟಾ ಸಿಂಗ್ ಪ್ರಕರಣದಲ್ಲಿ, ಸಾರ್ವಜನಿಕ ರಸ್ತೆಯಲ್ಲಿ ನಿಂತಿದ್ದರೂ ಖಾಸಗಿ ವಾಹನ ಈ ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಸ್ಥಳವಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ಹಾಗಾಗಿ ಕಾರಣ ಬರೆದಿಟ್ಟು ಹುಡುಕುವ ನಿಯಮವನ್ನು ಅಲ್ಲಿಯೂ ಪಾಲಿಸಬೇಕು.

ಚುನಾವಣೆಯ ಹೊತ್ತಿನಲ್ಲಿ ನಮ್ಮ ರೈತರಿಗೆ ಬರುವ ತೊಂದರೆಯೇ ಬೇರೆ. ಈರುಳ್ಳಿ, ಹತ್ತಿ, ಮೆಣಸಿನಕಾಯಿ ಮಾರಿ ಹಣ ಕಟ್ಟಿಕೊಂಡು ಬರುವಾಗ 50,000 ರೂಪಾಯಿ ದಾಟಿದ ನಗದಿಗೆ ಲೆಕ್ಕ ಕೇಳುತ್ತಾರೆ. ದಲಾಲಿ ಅಂಗಡಿಯ ಲೆಕ್ಕಪಟ್ಟಿ ಅಥವಾ ಬ್ಯಾಂಕಿನ ಚೀಟಿ ಜೊತೆಗಿರಲಿ. ಹಣ ಹಿಡಿದರೆ ರಸೀದಿ ಪಡೆಯಿರಿ. ಅಂಥ ಹಣವನ್ನು ಪರಿಶೀಲಿಸಿ ಬಿಡುಗಡೆ ಮಾಡಲೆಂದೇ ಪ್ರತಿ ಜಿಲ್ಲೆಯಲ್ಲೂ ಅಧಿಕಾರಿಗಳ ಸಮಿತಿ ಇರುತ್ತದೆ.

ಗಾಡಿ ಠಾಣೆಗೆ ಹೋದರೆ ಅಲ್ಲೇ ತುಕ್ಕು ಹಿಡಿಯಬೇಕೆಂದೇನೂ ಇಲ್ಲ. 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಜಪ್ತಿಯಾದ ವಾಹನಗಳನ್ನು ಬಹುಕಾಲ ಠಾಣೆಯಲ್ಲಿ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ, ತಕ್ಕ ಮುಚ್ಚಳಿಕೆ ಪಡೆದು ಬೇಗ ಬಿಡಬೇಕು ಎಂದು ಹೇಳಿದೆ. ತಿಂಗಳ ಕಂತು ಕಟ್ಟಬೇಕಾದ ಚಾಲಕನಿಗೆ ಈ ತೀರ್ಪು ಅನ್ನದಷ್ಟೇ ಮುಖ್ಯ. ನಾನು ಕೆಲಸ ಮಾಡಿದ ನ್ಯಾಯಾಲಯದಲ್ಲಿ, ಅರ್ಜಿ ಕೊಡಬಹುದೆಂಬುದೇ ಗೊತ್ತಿಲ್ಲದೆ ವರ್ಷಗಟ್ಟಲೆ ಗಾಡಿ ಕಳೆದುಕೊಂಡವರನ್ನು ಕಂಡಿದ್ದೇನೆ.

ಒಂದು ಮಗುವಿನ ಪ್ರಾಣ

ಇದೆಲ್ಲ ಐನೂರು ರೂಪಾಯಿಯ ಮಾತಷ್ಟೇ ಎಂದುಕೊಳ್ಳಬೇಡಿ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಡೆದದ್ದು ನಾಡಿಗೇ ಗೊತ್ತಿದೆ. ನಾಯಿ ಕಚ್ಚಿದ ಪುಟ್ಟ ಮಗಳನ್ನು ತಂದೆತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ಪೊಲೀಸರು ತಡೆದಾಗ ಮಗು ಕೆಳಗೆ ಬಿದ್ದು, ಹಿಂದಿನಿಂದ ಬಂದ ವಾಹನದ ಅಡಿ ಸಿಕ್ಕು ತೀರಿಹೋಯಿತು. ಆಸ್ಪತ್ರೆಗೆ ಹೋಗಬೇಕಿದ್ದ ಮಗು ರಸ್ತೆಯಲ್ಲೇ ಉಳಿಯಿತು.

ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇಲ್ಲದೆ ವಾಹನ ತಡೆಯಬಾರದು, ಏಕಾಏಕಿ ಅಡ್ಡ ಬರಬಾರದು, ಸವಾರರನ್ನು ಹಿಡಿದೆಳೆಯಬಾರದು, ಕೀಲಿ ಕಸಿಯಬಾರದು ಎಂದು ಅದರಲ್ಲಿ ಹೇಳಲಾಗಿತ್ತು. ಇದು ಹೊಸ ಮಾತೂ ಅಲ್ಲ. 2022ರ ಜೂನ್‌ನಲ್ಲೇ ಅಂದಿನ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು, ಬರೇ ಕಾಗದ ನೋಡಲಿಕ್ಕೆ ಯಾವ ವಾಹನವನ್ನೂ ನಿಲ್ಲಿಸಬಾರದು, ಕುಡಿತದ ತಪಾಸಣೆಯೊಂದೇ ಅಪವಾದ ಎಂದು ಬಹಿರಂಗವಾಗಿ ಹೇಳಿದ್ದರು. 2022ರಲ್ಲಿ ಹೇಳಿದ ಮಾತನ್ನು 2025ರಲ್ಲಿ ಒಂದು ಮಗುವಿನ ಸಾವಿನ ನಂತರ ಮತ್ತೆ ಹೇಳಬೇಕಾಯಿತು. ಮೇಲಿನವರ ಆದೇಶ ನಾಕಾದವರೆಗೆ ಇಳಿದು ಬರಬೇಕಾದರೆ, ನಾಕಾದಲ್ಲಿ ನಿಂತ ಜನರಿಗೂ ಅದು ಗೊತ್ತಿರಬೇಕು. ಗೊತ್ತಿಲ್ಲದವನ ಹಕ್ಕು ಪೆಟ್ಟಿಗೆಯಲ್ಲಿಟ್ಟು ಕೀಲಿ ಕಳೆದುಕೊಂಡ ಒಡವೆಯಂತೆ. ಇದ್ದೂ ಇಲ್ಲ.

ಪೊಲೀಸರ ಕೈ ಕಟ್ಟಿದಂತಾಗುವುದಿಲ್ಲವೇ?

ಈ ಮಾತನ್ನು ನಮ್ಮ ಗೋಷ್ಠಿಯಲ್ಲಿ ಎತ್ತಿದಾಗ ಹಿರಿಯರೊಬ್ಬರು ಕೇಳಿದರು: "ಗಾಂಜಾ ಹಳ್ಳಿಹಳ್ಳಿಗೆ ಬಂದಿದೆ, ನಮ್ಮ ಹುಡುಗರೇ ಹಾಳಾಗುತ್ತಿದ್ದಾರೆ. ಪೊಲೀಸರು ಗಾಡಿ ನೋಡಬಾರದೆಂದರೆ ಹೇಗೆ?" ನ್ಯಾಯವಾದ ಪ್ರಶ್ನೆ. ನೋಡಬಾರದೆಂದು ನಾನೂ ಹೇಳುವುದಿಲ್ಲ. ಕಾರಣ ಬರೆದಿಟ್ಟು, ಸಾಕ್ಷಿ ಇಟ್ಟುಕೊಂಡು, ಚಿತ್ರೀಕರಿಸಿ ನೋಡಿ ಎನ್ನುತ್ತೇನೆ. ಹಾಗೆ ನೋಡಿದರೆ ನಿಜವಾದ ಗಾಂಜಾ ವ್ಯಾಪಾರಿಗೆ ಶಿಕ್ಷೆಯಾಗುತ್ತದೆ. ಮನಬಂದಂತೆ ಹುಡುಕಿದರೆ ಅವನೇ ನ್ಯಾಯಾಲಯದಲ್ಲಿ ಪಾರಾಗುತ್ತಾನೆ. ಹಾಗೆ ಬಿದ್ದುಹೋದ ಪ್ರಕರಣಗಳ ಕಡತಗಳನ್ನು ನನ್ನ ಕೈಯಿಂದಲೇ ಕಟ್ಟಿ ಅಟ್ಟಕ್ಕೆ ಹಾಕಿದ್ದೇನೆ. ನಿಯಮ ಪಾಲಿಸುವುದು ಕಳ್ಳನಿಗೆ ಮಾಡುವ ಉಪಕಾರವಲ್ಲ.

ಪೊಲೀಸರೂ ನಮ್ಮವರೇ. ಬಿಸಿಲಲ್ಲಿ, ಹೊಗೆಯಲ್ಲಿ, ಹಬ್ಬಕ್ಕೂ ರಜೆಯಿಲ್ಲದೆ ನಿಲ್ಲುವ ಕಾಯಕ ಅವರದು. ಹನ್ನೆರಡನೆಯ ಶತಮಾನದ ಶರಣರಲ್ಲಿ ದೋಣಿ ನಡೆಸಿ ಜನರನ್ನು ದಾಟಿಸಿದ ಅಂಬಿಗರ ಚೌಡಯ್ಯ ಇದ್ದರು. ಅದೇ ಶರಣರ ಸಾಲಿನಲ್ಲಿ, ಸರಕಿಗೆ ಸುಂಕ ವಸೂಲು ಮಾಡುವ ಕಾಯಕದ ಸುಂಕದ ಬಂಕಣ್ಣನವರೂ ಇದ್ದರು. ಅಂದರೆ ಗಾಡಿ ಓಡಿಸುವವರ ಹಿರಿಯರೂ, ಗಾಡಿ ತಡೆದು ಕೇಳುವವರ ಹಿರಿಯರೂ ಶರಣರೇ. ಬಸವಣ್ಣನವರು ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿದರು. ತಡೆಯುವ ಕಾಯಕ ಕೀಳಲ್ಲ, ಕಾಯಕದ ಹೆಸರಿನಲ್ಲಿ ಹೆಚ್ಚಿಗೆ ಕಸಿಯುವುದು ಕೀಳು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬಾ ಎಂದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಪಾವತಿಯಿಲ್ಲದ ಐನೂರು ರೂಪಾಯಿ ಆ ಹೆಚ್ಚಿನ ಅಕ್ಕಿಗಿಂತ ಹೊಲಸು.

ಕೊಡುವವನ ಪಾಲು

ಆದರೆ ಕೊಡುವವನ ಪಾಲನ್ನೂ ಹೇಳಬೇಕು. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ನೇರವಾಗಿ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟವನಿಗೆ ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ. ಏಳು ದಿನದೊಳಗೆ ದೂರು ಕೊಟ್ಟರೆ ಅವನು ಅಪರಾಧಿಯಲ್ಲ. ನಮ್ಮ ರಾಜ್ಯದಲ್ಲಿ 2022ರಿಂದ ಈ ಕೆಲಸ ಮತ್ತೆ ಲೋಕಾಯುಕ್ತದ ಕೈಯಲ್ಲಿದೆ. ನಮ್ಮ ಹುಡುಗ ನನಗೆ ಹೇಳಿದ್ದು ಹತ್ತನೆಯ ದಿನ. ಏಳು ದಿನ ದಾಟಿತ್ತು. ಬೇರೆ ಕಡೆಯಾದರೂ ದೂರು ಕೊಡೋಣವೆಂದೆ, ರಾಜ್ಯ ಪೊಲೀಸ್ ದೂರು ಪ್ರಾಧಿಕಾರವಿದೆ, ಮಾನವ ಹಕ್ಕುಗಳ ಆಯೋಗವಿದೆ ಎಂದೆ. "ಬ್ಯಾಡ್ರಿ. ದಿನಾ ಅದ ರಸ್ತೆ ರೀ ನಂದು" ಎಂದ. ಅವನಿಗೆ ನಾನು ಒತ್ತಾಯ ಮಾಡಲಿಲ್ಲ. ದಿನವೂ ಆ ರಸ್ತೆಯಲ್ಲಿ ಹೋಗಬೇಕಾದವನು ಅವನು, ನಾನಲ್ಲ.

ಒಬ್ಬಂಟಿಯಾಗಿ ಅವನು ಹೆದರಿದ್ದು ತಪ್ಪಲ್ಲ. ಅವನನ್ನು ಒಬ್ಬಂಟಿ ಮಾಡಿದ್ದು ನಮ್ಮ ತಪ್ಪು. ನಮ್ಮಲ್ಲಿ ಪ್ರಭಾವ ಇರುವವರು ನಾಕಾ ಬಂದಾಗ ಏನು ಮಾಡುತ್ತೇವೆ? ಗಾಜಿನ ಮೇಲೆ ಮಠದ ಸ್ಟಿಕ್ಕರ್, ಸಮಾಜದ ಹೆಸರು, ಯಾವುದೋ ಸಂಘದ ಪದಾಧಿಕಾರಿ ಎಂಬ ಬೋರ್ಡು. ಅದೂ ನಡೆಯದಿದ್ದರೆ ಶಾಸಕರಿಗೆ ಫೋನು. ಹೀಗೆ ದೊಡ್ಡವರೆಲ್ಲ ಅಡ್ಡದಾರಿಯಲ್ಲಿ ಪಾರಾದರೆ, ನೇರ ದಾರಿ ಸರಿಯಿದೆಯೇ ಎಂದು ಕೇಳುವವರು ಯಾರು? ಹೆಸರು ಹೇಳಿ ಪಾರಾಗುವ ಪ್ರತಿಯೊಬ್ಬನೂ, ಹೆಸರಿಲ್ಲದವನ ಬೆಲೆಯನ್ನು ಐನೂರು ಏರಿಸಿ ಹೋಗುತ್ತಾನೆ. ಹುಟ್ಟಿನಿಂದ ಬಂದ ಮೇಲುಕೀಳನ್ನು ಅಳಿಸಲು ಹುಟ್ಟಿದ ಧರ್ಮ ನಮ್ಮದು. ಅದರ ಹೆಸರನ್ನೇ ಹೊಸ ಮೇಲುಕೀಳಿಗೆ ರಹದಾರಿ ಮಾಡಿಕೊಂಡರೆ ಶರಣರಿಗೆ ಏನು ಉತ್ತರ ಹೇಳೋಣ?

ಇನ್ನೊಂದು ಮಾತು. ಗಾಡಿ ತಡೆದು ತಪಾಸಣೆ ಮಾಡುವ ಅಧಿಕಾರ ಇರುವುದು ಪೊಲೀಸರಿಗೆ, ಸಾರಿಗೆ ಇಲಾಖೆಯ ಅಧಿಕಾರಿಗಳಿಗೆ ಮತ್ತು ಕಾನೂನು ನೇಮಿಸಿದ ಇತರ ಅಧಿಕಾರಿಗಳಿಗೆ ಮಾತ್ರ. ಶಾಲು ಹೊದ್ದ ಯಾವ ಗುಂಪಿಗೂ, ಅದು ಯಾವ ಬಣ್ಣದ ಶಾಲಾಗಲಿ, ಆ ಅಧಿಕಾರವಿಲ್ಲ. ಅಂಥ ಗುಂಪಿನಲ್ಲಿ ನಮ್ಮ ಹುಡುಗರು ಕಂಡರೆ ಮೊದಲು ಕರೆದು ಬುದ್ಧಿ ಹೇಳಬೇಕಾದವರು ನಾವೇ.

ನಾವು ಮಾಡಬಹುದಾದದ್ದು

ಮೊದಲನೆಯದು, ನಮ್ಮ ಕಾಗದ ಸರಿ ಇರಲಿ. ವಿಮೆ ಮುಗಿದ ಗಾಡಿ, ಹೆಲ್ಮೆಟ್ ಇಲ್ಲದ ತಲೆ, ಲೈಸೆನ್ಸ್ ಇಲ್ಲದ ಮಗನ ಕೈಗೆ ಬೈಕು, ಇವನ್ನೆಲ್ಲ ಇಟ್ಟುಕೊಂಡು ಹಕ್ಕಿನ ಮಾತಾಡಿದರೆ ಅದು ಹಕ್ಕಲ್ಲ, ಹಟ. ಜಾತ್ರೆಗೆ ಗೂಡ್ಸ್ ಗಾಡಿಯಲ್ಲಿ ಜನರನ್ನು ತುಂಬಿಕೊಂಡು ಬರುವುದನ್ನು ಮಠಗಳೇ ಬೇಡವೆನ್ನಬೇಕು.

ಎರಡನೆಯದು, ತಡೆದಾಗ ನಿಲ್ಲಿ. ಗಾಡಿ ಬದಿಗೆ ಹಾಕಿ, ಸಮಾಧಾನದಿಂದ ಮಾತಾಡಿ. ಅಧಿಕಾರಿಯ ಎದೆಯ ಮೇಲಿನ ಹೆಸರು ಓದಿಕೊಳ್ಳಿ. ಬಂಧಿಸುವ ಅಧಿಕಾರಿಯ ಹೆಸರು ಎದ್ದು ಕಾಣಬೇಕೆಂದು 1996ರ ಡಿ.ಕೆ. ಬಸು ತೀರ್ಪು ಹೇಳಿದೆ. ಹುಡುಕಲು ಬಂದರೆ "ಯಾವ ಕಾರಣಕ್ಕೆ ಸಾಹೇಬರೆ? ಪಂಚನಾಮೆ ಆಗುತ್ತದೆಯೇ? ರೆಕಾರ್ಡ್ ಆಗುತ್ತಿದೆಯೇ?" ಎಂದು ಕೇಳಿ. ಕೈಯಿಂದ ತಡೆಯಬೇಡಿ, ಜಗ್ಗಾಡಬೇಡಿ. ಕರ್ತವ್ಯಕ್ಕೆ ಅಡ್ಡಿ ಎಂಬ ಪ್ರಕರಣ ಬಿದ್ದರೆ ನ್ಯಾಯ ನಿಮ್ಮ ಕಡೆಗಿದ್ದರೂ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಹುಡುಕಿದ ರೀತಿ ತಪ್ಪೆಂದ ಮಾತ್ರಕ್ಕೆ ಸಿಕ್ಕ ವಸ್ತು ಸಾಕ್ಷ್ಯವೇ ಅಲ್ಲವೆಂದು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಆದ್ದರಿಂದ ಆಕ್ಷೇಪವನ್ನು ಅಲ್ಲೇ, ಆಗಲೇ, ಸಾಕ್ಷಿಗಳೆದುರು ಹೇಳುವುದು ಮುಖ್ಯ. ತೊಂದರೆ ಹೆಚ್ಚಾದರೆ 112ಕ್ಕೆ ಕರೆ ಮಾಡಿ. ಬಂಧಿಸಿದರೆ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಕಾನೂನು ನೆರವಿಗೆ 15100 ಸಂಖ್ಯೆ ಇದೆ.

ಮೂರನೆಯದು ಮಠಗಳಿಗೆ ನನ್ನ ವಿನಂತಿ. ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ವರ್ಷಕ್ಕೆ ಒಂದು ದಿನ ಚಾಲಕರಿಗಾಗಿ ಇಡಿ. ತಾಲೂಕು ಕಾನೂನು ಸೇವಾ ಸಮಿತಿಯ ವಕೀಲರನ್ನು ಕರೆಯಿರಿ, ಅದೇ ವೇದಿಕೆಗೆ ಸಂಚಾರ ಠಾಣೆಯ ಅಧಿಕಾರಿಗಳನ್ನೂ ಕರೆಯಿರಿ. ಮಠದ ಹೆಸರಿನ ಸ್ಟಿಕ್ಕರನ್ನು ಗಾಡಿಯ ಗಾಜಿನಿಂದ ತೆಗೆಯಿರಿ ಎಂದು ಪೂಜ್ಯರು ಒಂದು ಮಾತು ಹೇಳಿದರೆ ಸಾವಿರ ಗಾಡಿಗಳಿಂದ ಅದು ಇಳಿಯುತ್ತದೆ. ದೂರು ಕೊಡಲು ಹೆದರುವ ಚಾಲಕನ ಜೊತೆ ಠಾಣೆಗೆ ನಡೆದು ಹೋಗಲು ಪ್ರತಿ ಊರಿನಲ್ಲೂ ನಾಲ್ಕು ಜನ ಹಿರಿಯರು ತಯಾರಾಗಲಿ. ನಾನು ನನ್ನ ಹೆಸರು ಕೊಟ್ಟಿದ್ದೇನೆ.

ಹೋದ ತಿಂಗಳು ಅದೇ ಹುಡುಗನ ಗಾಡಿಯಲ್ಲಿ ಮತ್ತೆ ಮಠಕ್ಕೆ ಹೋದೆ. ಅದೇ ನಾಕಾ, ಬೇರೆ ಅಧಿಕಾರಿ. ಕೈ ಮಾಡಿದರು. ನಾನು ಬಾಯಿ ತೆರೆಯಲಿಲ್ಲ. ಹುಡುಗ ಇಳಿದು, ಮೊಬೈಲ್ ತೆಗೆದು ಡಿಜಿಲಾಕರ್ ತೋರಿಸಿದ. ಅವರು ಒರಿಜಿನಲ್ ಕೇಳಿದರು. ಹುಡುಗನ ದನಿ ಸ್ವಲ್ಪ ನಡುಗಿತು, ಆದರೂ ಹೇಳಿದ: "ಸಾಹೇಬ್ರ, ಇದನ್ನ ನೀವು ಪೋರ್ಟಲಿನ್ಯಾಗ ನೋಡಬಹುದ್ರಿ. 139 ನಿಯಮದಾಗ ಐತ್ರಿ." ಅವರು ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಮಷೀನಿನಲ್ಲಿ ನಂಬರ್ ಹಾಕಿ ನೋಡಿ, "ವಿಮಾ ಮುಂದಿನ ತಿಂಗಳ ಮುಗಿತೈತಿ, ಕಟ್ಕೋ" ಎಂದು ಕಳಿಸಿದರು. ಹತ್ತು ನಿಮಿಷ ಹಿಡಿಯಿತು. ಮಠದ ಹೆಸರು ಹೇಳಿದ್ದರೆ ಎರಡೇ ನಿಮಿಷ.

ಆ ಎಂಟು ನಿಮಿಷವನ್ನು ನಾವೆಲ್ಲರೂ ಕೊಡಲು ಸಿದ್ಧರಿದ್ದರೆ, ಸಂಜೆ ಒಬ್ಬನೇ ಮರಳುವ ಹುಡುಗನಿಗೂ ಆ ರಸ್ತೆ ತನ್ನದಾಗುತ್ತದೆ.